ತೆಂಗಿನಗುಂಡಿಯ ಮರಳು

ನಮ್ಮ ಮನೆಯ ಕ್ರಿಸ್ಮಸ್ ಗೋದಲಿಯಲ್ಲಿ ಬಾಲಯೇಸು ಮಲಗುತ್ತಿದ್ದುದು ಮರಳಿನ ಮೇಲೆ. ಹೊನ್ನಾವರದ ಬಂದರದ ಕಡೆಗಿದ್ದ ನಮ್ಮ ಓಣಿಯ ಬೇರೆ ಕ್ರೈಸ್ತರ ಮನೆಗಳಲ್ಲಿ ಹುಲ್ಲು ಹಾಸುತ್ತಿದ್ದರು. ನಮ್ಮಲ್ಲೂ ಹುಲ್ಲಿನ ಮಾಡು, ಡಬ್ಬಿಗಳಲ್ಲಿ ಬಿತ್ತಿ ಬೆಳೆಸಿದ ರಾಗಿಯ ಹಸಿರು, ಕನ್ನಡಿ ಚೂರಿನ ಕೆರೆ ಎಲ್ಲ ಇರುತ್ತಿತ್ತು. ಮಗುವನ್ನು ಮಲಗಿಸುವ ಜಾಗದಲ್ಲಿ ಮಾತ್ರ ಬಿಳಿ ಮರಳು, ಅದರ ನಡುವೆ ಸಣ್ಣ ಸಣ್ಣ ಚಿಪ್ಪು. ಅದನ್ನು ತರುತ್ತಿದ್ದವಳು ಪಕ್ಕದ ಮನೆಯ ಅಕ್ಕ.

ಅಕ್ಕ ಹಿಂದೂ, ಮೀನು ಮಾರುವವಳು. ತವರು ಭಟ್ಕಳದ ಕಡೆಯ ತೆಂಗಿನಗುಂಡಿ. ಅವಳ ಮಗ ಕೈಗೂಸಾಗಿದ್ದಾಗ ಒಂದು ಡಿಸೆಂಬರಿನಲ್ಲಿ ಜ್ವರ ಬಂದು ಕಣ್ಣು ಮೇಲೆ ಮಾಡಿತ್ತಂತೆ. ಗಂಡ ದೋಣಿಯ ಮೇಲೆ ಹೋಗಿದ್ದ. ನನ್ನ ಅಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಒಂದು ಕೈಯಲ್ಲಿ ಜಪಸರ ಹಿಡಿದು, ಆಸ್ಪತ್ರೆಗೆ ಓಡಿದ್ದಳು. ಕೂಸು ಉಳಿಯಿತು. ಮನೆಗೆ ಮರಳಿದ ದಿನ ಅಕ್ಕ ನಮ್ಮ ಗೋದಲಿಯ ಮುಂದೆ ನಿಂತು, ಪ್ರತಿ ವರ್ಷ ಈ ಮಗುವಿಗೆ ನಮ್ಮೂರ ಮರಳು ಹಾಸುತ್ತೇನೆ ಎಂದು ಹರಕೆ ಹೊತ್ತಳು. ಅಂದಿನಿಂದ ಡಿಸೆಂಬರ್ ಎರಡನೇ ವಾರ ಬಂತೆಂದರೆ ತವರಿಗೆ ಹೋಗಿ, ಒಂದು ಬುಟ್ಟಿ ಮರಳು ತುಂಬಿಕೊಂಡು, ಕಂಡಕ್ಟರನ ಬೈಗುಳ ಕೇಳಿಕೊಂಡು, ಬಸ್ಸಿನಲ್ಲಿ ತರುತ್ತಿದ್ದಳು. "ಹುಟ್ಟಿದ್ದು ಬೆತ್ಲೆಹೇಮಿನಲ್ಲಿ, ಮಲಗೋದು ಭಟ್ಕಳ ತಾಲೂಕಿನಲ್ಲಿ" ಎಂದು ಅಪ್ಪ ವರ್ಷಕ್ಕೊಮ್ಮೆ ತಪ್ಪದೆ ನಗಿಸುತ್ತಿದ್ದರು.

ನಮ್ಮ ಕಡೆಯಿಂದ ಅವರ ಮನೆಗೆ ಹೋಗುತ್ತಿದ್ದುದು ಕುಸ್ವಾರಿನ ತಟ್ಟೆ. ಕುಸ್ವಾರ್ ಎಂದರೆ ಹಬ್ಬಕ್ಕೆ ಮಾಡುವ ನೆವ್ರಿ, ಚಕ್ಕುಲಿ, ಲಾಡು ಇತ್ಯಾದಿ ತಿಂಡಿಗಳು. ಹಬ್ಬದ ಹಿಂದಿನ ದಿನ ಅಮ್ಮ ಸ್ಟೀಲಿನ ತಟ್ಟೆಯಲ್ಲಿ ಜೋಡಿಸಿ, ತಾನೇ ಹೆಣೆದ ಕ್ರೋಶಾ ಬಟ್ಟೆ ಮುಚ್ಚಿ ಕಳಿಸುತ್ತಿದ್ದಳು. ಹೋದ ತಟ್ಟೆ ಬರಿದಾಗಿ ಬರಬಾರದು. ಅಕ್ಕ ಅದರಲ್ಲಿ ಒಂದು ಹಿಡಿ ಅಕ್ಕಿಯೋ, ಬೆಲ್ಲದ ತುಂಡೋ, ಏನೂ ಇಲ್ಲದ ವರ್ಷ ಅಂಗಳದ ದಾಸವಾಳವೋ ಇಟ್ಟೇ ಕೊಡುತ್ತಿದ್ದಳು. ಎರಡೂ ಮನೆಗಳಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ ಯಾರೂ ಅದನ್ನು ದೊಡ್ಡ ಮಾತು ಮಾಡಿ ಆಡಿದವರಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದ ಆ ವರ್ಷ ನಾನು ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದೆ. ಇಪ್ಪತ್ಮೂರರ ಪ್ರಾಯ, ಬಿ.ಎಡ್. ಆಗಿದೆಯೆಂಬ ಜಂಭ, ಇಗರ್ಜಿಗೆ ಸೇರಿದ ನಮ್ಮ ಕೇರಿಯ ಕುಟುಂಬಗಳ ಕೂಟವಾದ ವಾಡೆಗೆ ಕಾರ್ಯದರ್ಶಿ ಬೇರೆ. ಬೇರೆ ಬೇರೆ ಕಡೆ ಇಗರ್ಜಿಗಳ ಮೇಲೆ ಕಲ್ಲು ಬಿದ್ದ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ನಮ್ಮೂರಲ್ಲಿ ಏನೂ ಆಗಿರಲಿಲ್ಲ, ಆದರೆ ಪೇಪರ್ ಓದುವವರಿಗೆ ಹೆದರಿಕೊಳ್ಳಲು ಊರಲ್ಲೇ ಆಗಬೇಕೆಂದಿಲ್ಲ. ವಾಡೆಯ ಸಭೆಯಲ್ಲಿ ಹಿರಿಯರೊಬ್ಬರು, ಈ ವರ್ಷ ಹಬ್ಬ ಮನೆಯೊಳಗೇ ಇರಲಿ, ಬೇರೆಯವರನ್ನು ಗೋದಲಿ ನೋಡಲು ಕರೆಯುವುದು ಬೇಡ, ತಿಂಡಿ ಕೊಟ್ಟು ಮತಾಂತರ ಮಾಡುತ್ತಾರೆ ಅಂದುಬಿಟ್ಟಾರು ಎಂದರು. ಅಪ್ಪ ಮನೆಗೆ ಬಂದು ನಕ್ಕರು. "ನಮ್ಮ ಮನೆ ಲಾಡು ತಿಂದು ಹಲ್ಲು ಕಳಕೊಂಡವರಿದ್ದಾರು, ಧರ್ಮ ಕಳಕೊಂಡವರು ಯಾರೂ ಇಲ್ಲ" ಎಂದರು. ಅಮ್ಮನಂತೂ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಾಕಿಕೊಂಡವಳು ನಾನು, ಯಾಕೆಂದರೆ ಸಭೆಯ ವರದಿ ಬರೆದವಳು ನಾನೇ.

ಇನ್ನೊಂದು ಕಾರಣವೂ ಇತ್ತು. ಅಕ್ಕನ ಮಗ, ಅದೇ ಜ್ವರದ ಕೂಸು, ಈಗ ಮೀಸೆ ಬಂದ ತರುಣ. ಪೇಟೆಯ ಒಂದಿಷ್ಟು ಹುಡುಗರ ಜೊತೆ ತಿರುಗುತ್ತಿದ್ದ. ನಾವು ನಕ್ಷತ್ರದ ಗೂಡುದೀಪ ಕಟ್ಟಿದ ದಿನ ಅವನ ಗೆಳೆಯರು ಕೆಳಗೆ ನಿಂತು ಏನೋ ಅಂದು ನಕ್ಕರು. ಅವನು ನಗಲಿಲ್ಲ, ಸುಮ್ಮನಿರಿ ಎಂದೂ ಹೇಳಲಿಲ್ಲ. ನನಗೆ ಅಷ್ಟು ಸಾಕಾಯಿತು.

ಅಕ್ಕ ಮರಳು ತಂದ ಮಧ್ಯಾಹ್ನ ಅಪ್ಪ ಅಮ್ಮ ಮನೆಯಲ್ಲಿರಲಿಲ್ಲ. ಬಸ್ಸಿನಿಂದ ನೇರ ಬಂದಿದ್ದಳು, ಬೆವರಿದ್ದಳು. "ಬಾಯಮ್ಮ ಎಲ್ಲಿ? ಬುಟ್ಟಿ ಇಳಿಸುಕ್ಕೆ ಒಂದ್ ಕೈ ಕೊಡೆ ತಂಗಿ" ಎಂದಳು. ಅಮ್ಮನನ್ನು ಅವಳು ಕರೆಯುತ್ತಿದ್ದುದು ಬಾಯಮ್ಮ ಎಂದೇ. ನಾನು ಬಾಗಿಲಲ್ಲೇ ನಿಂತಿದ್ದೆ, ಅಡ್ಡವಾಗಿ.

"ಅಕ್ಕ, ಈ ವರ್ಷ ನಾವು ಗೋದಲಿ ಮಾಡುದಿಲ್ಲ."

"ಎಂತಕ್ಕೆ?"

"ಹಾಗೇ. ಬ್ಯಾಡ ಅಂತ ಆತು."

ಜಗಲಿಯ ಕಟ್ಟೆಯ ಮೇಲೆ ರಾಗಿಯ ಡಬ್ಬಿಗಳು ಸಾಲಾಗಿ ಇದ್ದವು. ಮೊಳಕೆ ಒಂದು ಗೇಣು ಎದ್ದಿತ್ತು. ಅವಳ ಕಣ್ಣು ಅದರ ಮೇಲೆ ಹೋಯಿತು, ಆಮೇಲೆ ನನ್ನ ಮುಖಕ್ಕೆ ಬಂತು. ಎರಡು ದಶಕ ಆ ಮನೆಗೆ ಬಂದುಹೋದವಳಿಗೆ ರಾಗಿ ಯಾತಕ್ಕೆಂದು ಗೊತ್ತಿರಲಿಲ್ಲವೇ? "ಆತು" ಎಂದಳು. ಬುಟ್ಟಿಯನ್ನು ತಲೆಯಿಂದ ಇಳಿಸದೆ ತಿರುಗಿ ಹೋದಳು.

ಅಂದೇ ಸಂಜೆ ನಾನು ಇಗರ್ಜಿಯಲ್ಲಿ ಮಕ್ಕಳ ನಾಟಕದ ತಾಲೀಮು ಮಾಡಿಸಬೇಕಿತ್ತು. ಮರಿಯಾ ಜೋಸೆಫರನ್ನು ಬಾಗಿಲಿನಿಂದಲೇ ಸಾಗಹಾಕುವ ಛತ್ರದವನ ಪಾತ್ರ ಯಾರಿಗೂ ಬೇಡವಾಗಿತ್ತು. ಒಬ್ಬಳು ಪುಟ್ಟ ಹುಡುಗಿ, "ಟೀಚರ್, ನೀವೇ ಮಾಡಿ" ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಅವಳನ್ನು ಗದರಿಸಿದೆ.

ಮರುದಿನ ಬೆಳಿಗ್ಗೆ ಅಮ್ಮ ಇಗರ್ಜಿಯ ಪೂಜೆ ಮುಗಿಸಿ ಬಂದವಳು ಚೀಲವನ್ನೂ ಇಡದೆ ಕೇಳಿದಳು: "ಓಣಿ ತಿರುವಿನ ಖುರ್ಸಿನ ಬುಡಕ್ಕೆ ಯಾರು ಮರಳು ಹಾಕಿದ್ದಾರೆ ನೋಡಿದೆಯಾ?" ಅಲ್ಲಿ ಹಳೆಯದೊಂದು ಕಲ್ಲಿನ ಶಿಲುಬೆ ಇದೆ. ಹೋಗಿ ನೋಡಿದೆ. ಒಂದು ಬುಟ್ಟಿ ಬಿಳಿ ಮರಳು, ಕೈಯಿಂದ ತಟ್ಟಿ ಸಮ ಮಾಡಿ, ಚಿಪ್ಪುಗಳನ್ನು ಸುತ್ತ ಜೋಡಿಸಿ ಇಟ್ಟಿತ್ತು. ಹರಕೆ ತಪ್ಪಿಸಲಾರದೆ ಅವಳು ಕಂಡುಕೊಂಡ ದಾರಿ. ಅಮ್ಮನಿಗೆ ಆ ಚಿಪ್ಪು ಗೊತ್ತಿಲ್ಲದ್ದೇ? "ನಮ್ಮ ಮನೆಗೆ ತರದೆ ಅಲ್ಲಿ ಹಾಕಿ ಹೋಗಿದ್ದಾಳೆ. ನಾನು ಏನು ತಪ್ಪು ಮಾಡಿದೆ?" ಎಂದಳು. ಆಗ ಬಾಯಿ ಬಿಡಬೇಕಿತ್ತು. ನಾನು ಸ್ನಾನಕ್ಕೆ ನೀರು ಕಾದಿದೆಯೇ ನೋಡಲು ಹೋದೆ.

ಹಬ್ಬಕ್ಕೆ ಮುಂಚಿನ ಪಾಪನಿವೇದನೆಗೆ ಕುಮಟಾದ ಕಡೆಯಿಂದ ಒಬ್ಬರು ವಯಸ್ಸಾದ ಪಾದ್ರಿಗಳು ಬಂದಿದ್ದರು. ಗೊತ್ತಿಲ್ಲದವರ ಕಿವಿಯಲ್ಲಿ ಹೇಳುವುದು ಸುಲಭವೆಂದು ಅವರ ಸಾಲಿನಲ್ಲೇ ನಿಂತೆ. ಸುಳ್ಳು ಹೇಳಿದೆ ಎಂದೆ. ಯಾರಿಗೆ, ಏನು ಎಂದು ಕೇಳಿದರು. ಹೇಳಿದೆ. ಅವರು, "ನಾನು ಕ್ಷಮೆಯ ಮಾತು ಹೇಳುತ್ತೇನೆ, ಮಗಳೇ. ಆದರೆ ಮರಳಿನ ಬುಟ್ಟಿ ಹೊತ್ತವಳು ನಾನಲ್ಲ. ಅವಳ ಹತ್ತಿರ ಹೋಗು" ಎಂದರು. ಪ್ರಾಯಶ್ಚಿತ್ತಕ್ಕೆ ಐದು ನಮೋಮರಿಯಾ ಜಪ. ಐದನ್ನೂ ಅಲ್ಲೇ ಮೊಣಕಾಲೂರಿ ಮುಗಿಸಿದೆ, ಹಗುರವಾಯಿತು ಎಂದುಕೊಂಡೆ. ಸುಲಭದ ಅರ್ಧವನ್ನು ಮುಗಿಸಿ ಕಷ್ಟದ ಅರ್ಧವನ್ನು ಮುಂದೆ ಹಾಕುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ.

ಹಬ್ಬದ ಹಿಂದಿನ ದಿನ ಅಮ್ಮ ತಟ್ಟೆ ಜೋಡಿಸಿದಳು. "ಮರಳು ತರಲಿಲ್ಲ ಅಂತ ನಾವು ತಿಂಡಿ ನಿಲ್ಲಿಸೋದು ಸರಿಯಲ್ಲ. ಕೊಟ್ಟು ಬಾ, ಮುಖ ನೋಡಿ ಬಾ" ಎಂದಳು. ಆ ವರ್ಷದ ತಟ್ಟೆ ಎಂದಿಗಿಂತ ತುಂಬಿತ್ತು. ಪಾದ್ರಿಗಳ ಮಾತು ನಡೆಸಲು ಇದೇ ಸಮಯ ಎಂದುಕೊಂಡು ಹೊರಟೆ. ಅಕ್ಕನ ಅಂಗಳದವರೆಗೂ ಹೋದೆ. ಜಗಲಿಯಲ್ಲಿ ಮಗ, ಅವನ ಇಬ್ಬರು ಗೆಳೆಯರು ಬಲೆ ಹರಡಿಕೊಂಡು ಕೂತಿದ್ದರು. ಮೂವರೂ ತಲೆಯೆತ್ತಿ ತಟ್ಟೆಯನ್ನು ನೋಡಿದರು. ನನ್ನ ಕಾಲು ತಾನಾಗಿ ತಿರುಗಿತು. ಬಂದರಕ್ಕೆ ಹೋಗಿ, ದೋಣಿ ರಿಪೇರಿ ಮಾಡುತ್ತಿದ್ದ ಗುರುತಿಲ್ಲದ ಕೆಲಸಗಾರರಿಗೆ ಎಲ್ಲವನ್ನೂ ಸುರಿದು ಕೊಟ್ಟು, ಬಟ್ಟೆ ಕೊಡವಿ, ತಟ್ಟೆ ಹಿಡಿದು ಮನೆಗೆ ಬಂದೆ.

ತಟ್ಟೆ ಬರಿದಾಗಿತ್ತು. ಅದು ನನ್ನ ತಲೆಗೆ ಹೊಳೆದದ್ದು ಅಮ್ಮ ಬಟ್ಟೆ ಎತ್ತಿದಾಗ. ದಾರಿಯಲ್ಲಿ ಒಂದು ದಾಸವಾಳ ಕಿತ್ತು ಇಟ್ಟಿದ್ದರೂ ಸಾಕಿತ್ತು. ಸುಳ್ಳು ಹೇಳುವವರಿಗೆ ಅಷ್ಟಾದರೂ ಬುದ್ಧಿ ಇರಬೇಕು.

"ತಗೊಂಡಳಾ?"

"ಹೂಂ."

"ಬರಿದೇ ಕೊಟ್ಟಳಾ?"

ನಾನು ಮತ್ತೆ "ಹೂಂ" ಎಂದೆ. ಅಮ್ಮ ತಟ್ಟೆಯನ್ನು ತಿರುಗಿಸಿ ತಳವನ್ನೂ ನೋಡಿದಳು, ಅಲ್ಲೇನಾದರೂ ಅಂಟಿಕೊಂಡಿದೆಯೇನೋ ಎಂಬಂತೆ. ಆಮೇಲೆ ತೊಳೆದು ಕಪಾಟಿನಲ್ಲಿಟ್ಟಳು. ಆ ಕ್ರೋಶಾ ಬಟ್ಟೆ ಮತ್ತೆ ಹೊರಗೆ ಬಂದದ್ದನ್ನು ನಾನು ನೋಡಿಲ್ಲ.

ಮರುದಿನ ಬೆಳಗಿನ ಹಬ್ಬದ ಪೂಜೆಯಲ್ಲಿ ನಾನು ಪರಮಪ್ರಸಾದಕ್ಕೆ ಹೋದೆ. ಹೋಗಬಾರದಿತ್ತು. ನಿವೇದಿಸದ ಸುಳ್ಳನ್ನು ಹೊತ್ತು ಹಾಗೆ ಹೋಗುವುದು ಎಷ್ಟು ದೊಡ್ಡ ಪಾಪವೆಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವಳು ನಾನು. ಆದರೆ ಅಮ್ಮ ಪಕ್ಕದಲ್ಲಿದ್ದಳು. ನಾನು ಬೆಂಚಿನಲ್ಲೇ ಕೂತಿದ್ದರೆ ಏಕೆ ಎಂದು ಕೇಳುತ್ತಿದ್ದಳು. ದೇವರಿಗಿಂತ ಅಮ್ಮನಿಗೆ ಹೆದರಿದೆ. ಗಾಯನ ಚೆನ್ನಾಗಿತ್ತು, ನನ್ನ ಮಕ್ಕಳ ನಾಟಕವನ್ನೂ ಎಲ್ಲರೂ ಹೊಗಳಿದರು. ನನಗೆ ಒಂದೂ ರುಚಿಸಲಿಲ್ಲ.

ಆಮೇಲೆ ಏನೂ ನಡೆಯಲಿಲ್ಲ. ಕಲ್ಲು ಬೀಳಲಿಲ್ಲ, ಯಾರೂ ಜಗಳವಾಡಲಿಲ್ಲ. ಅಕ್ಕ ನಮ್ಮ ಬಾಗಿಲಿಗೆ ಮೀನು ತರುವುದನ್ನು ಬಿಟ್ಟಳು. ಅಮ್ಮ ಮೀನುಪೇಟೆಯಲ್ಲಿ ಬೇರೆಯವರ ಹತ್ತಿರ ತಗೊಂಡಳು. ಓಣಿಯಲ್ಲಿ ಎದುರಾದರೆ ಇಬ್ಬರೂ "ಊಟ ಆತಾ" ಎನ್ನುತ್ತಿದ್ದರು, ಅಷ್ಟೇ. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರಿಗೆ ಸೀನು ತರಿಸುವಷ್ಟು ಹತ್ತಿರದಲ್ಲಿ ಇಬ್ಬರು ಹೆಂಗಸರು ಹೀಗೆ ಬದುಕಿದರು. ಪ್ರತಿ ಡಿಸೆಂಬರಿನಲ್ಲೂ ಖುರ್ಸಿನ ಬುಡಕ್ಕೆ ಮರಳು ಬೀಳುತ್ತಿತ್ತು. ನಮ್ಮ ಗೋದಲಿಯಲ್ಲಿ ನಾನು ಹುಲ್ಲು ಹಾಸಿದೆ. ಅಪ್ಪ ತಮಾಷೆ ನಿಲ್ಲಿಸಿದರು.

ನಾನು ಮದುವೆಯಾಗಿ ಕುಮಟಾಕ್ಕೆ ಹೋದೆ, ಅಲ್ಲಿ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಪ್ರತಿ ವರ್ಷ ಪಾಪನಿವೇದನೆಗೆ ಹೋದೆ, ಇದನ್ನು ಬಿಟ್ಟು ಉಳಿದೆಲ್ಲ ಹೇಳಿದೆ. ಅಪ್ಪ ತೀರಿಕೊಂಡರು. ಮೂರು ವರ್ಷದ ಮೇಲೆ, ಒಂದು ಮಳೆಗಾಲದಲ್ಲಿ, ಅಮ್ಮ ಮಲಗಿದಳು. ನಾನು ರಜೆ ಹಾಕಿ ಬಂದು ಕೂತಿದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ, ಯಾವ ಪೀಠಿಕೆಯೂ ಇಲ್ಲದೆ, "ಆ ವರ್ಷ ನಾನು ಅವಳಿಗೆ ಏನು ಅಂದಿದ್ದೆನೋ, ಎಷ್ಟು ಯೋಚಿಸಿದರೂ ನೆನಪಾಗ್ತಾ ಇಲ್ಲ" ಎಂದಳು. ಏಳೆಂಟು ವರ್ಷ ಅವಳು ತನ್ನ ಮಾತುಗಳನ್ನೇ ಒಂದೊಂದಾಗಿ ತೆಗೆದು ನೋಡುತ್ತಿದ್ದಳು! ನಾನು ಚಮಚ ಹಿಡಿದುಕೊಂಡು, "ನೀನು ಏನೂ ಅಂದಿಲ್ಲಮ್ಮ" ಎಂದೆ. ಅಷ್ಟೇ ಹೇಳಿದೆ. ಈ ಸ್ಥಿತಿಯಲ್ಲಿ ಅವಳಿಗೆ ನೋವು ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಸಾಯುವ ಅಮ್ಮನ ಕಣ್ಣಲ್ಲಿ ಸಣ್ಣವಳಾಗುವುದು ನನಗೆ ಬೇಡವಾಗಿತ್ತು. ಅವಳು ಹೋದದ್ದು ಹನ್ನೊಂದು ದಿನದ ಮೇಲೆ.

ಮಣ್ಣಿನ ದಿನ ಅಕ್ಕ ಬರಲಿಲ್ಲ. ಅವಳ ಮನೆಯ ಬಾಗಿಲು ಮುಚ್ಚಿತ್ತು.

ಆ ಡಿಸೆಂಬರಿನಲ್ಲಿ, ಆಗಮನ ಕಾಲದ ಮೊದಲ ಭಾನುವಾರ ಕಳೆದ ಮೇಲೆ, ಕುಮಟಾದಿಂದ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಒಣ ಮೀನು ತಿರುವಿ ಹಾಕುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಕೂರು ಎಂದಳು, ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ: ಬಾಗಿಲಲ್ಲಿ ಹೇಳಿದ ಸುಳ್ಳು, ಬಂದರದಲ್ಲಿ ಸುರಿದ ತಟ್ಟೆ, ಅಮ್ಮನಿಗೆ ಎರಡೂ ಗೊತ್ತಿಲ್ಲದೆ ಹೋದದ್ದು.

ಅವಳು ಕೈಯಲ್ಲಿದ್ದ ಮೀನನ್ನು ಕೆಳಗಿಡಲಿಲ್ಲ.

"ಬಾಯಮ್ಮ ಹೇಳಿಕೊಟ್ಟದ್ದು ಅಂದ್ಕಂಡಿದ್ದೆ" ಎಂದಳು. "ನನ್ನ ಮಗ ಆ ಹುಡ್ಗರ ಸಂಗ್ತಿ ತಿರ್ಗೂದು ನೋಡಿ ಹೆದ್ರಿದ್ರು, ಬಾಗ್ಲಲ್ಲಿ ನಿಲ್ಸುಕ್ಕೆ ನಿನ್ನ ಬಿಟ್ಟು ಹೋದ್ರು ಅಂತ. ಆ ವರ್ಷ ತಟ್ಟೆನೂ ಬರ್ಲಿಲ್ಲ. ಆಗ ಖರೆ ಆತು."

"ಇಲ್ಲ ಅಕ್ಕ. ನಾನೊಬ್ಬಳೇ. ತಪ್ಪಾಯ್ತು."

"ನಾ ಅವರ ಮಣ್ಣಿಗೂ ಬರ್ಲಿಲ್ಲ" ಎಂದಳು. "ಒಳಗೆ ಬಾಗ್ಲು ಹಾಕ್ಕಂಡು ಕೂತಿದ್ದೆ. ನನ್ನ ಮಗನ್ನ ಎತ್ಕಂಡು ಓಡಿದ ಹೆಂಗ್ಸು. ಎಂತ ಮಾಡ್ಸಿದ್ಯೆ ನೀ ನನ್ನ ಕೈಲಿ?"

ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ನಾನು ಅಳುತ್ತಿದ್ದೆ, ಅವಳು ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಅದು ನನಗೆ ತಕ್ಕದ್ದೇ ಆಗಿತ್ತು. ಕೊನೆಗೆ, "ಬರೂ ವಾರ ತವರಿಗೆ ಹೋಗ್ತೆ. ಬಂದ ದಿನ ಹೇಳಿ ಕಳಿಸ್ತೆ. ನೀ ಬರ್ಬೇಕು" ಎಂದಳು.

ಹೇಳಿ ಕಳಿಸಿದಳು. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಅವಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹೊರಲು ಕೈ ಚಾಚಿದೆ, ಕೊಡಲಿಲ್ಲ. ಅರವತ್ತು ದಾಟಿದ ಹೆಂಗಸು ಅದನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದಳು, ನಾನು ಬರಿಗೈಯಲ್ಲಿ ಹಿಂದೆ. ಮನೆಗೆ ಹೋಗುತ್ತಾಳೆಂದುಕೊಂಡಿದ್ದೆ. ಅಮ್ಮನ ಮನೆಯಲ್ಲಿ ಈ ವರ್ಷ ಗೋದಲಿ ಮಾಡಲೆಂದು ನಾನು ಹಲಗೆ, ಕಾಗದ ಎಲ್ಲ ತಂದಿಟ್ಟಿದ್ದೆ, ರಾಗಿಯನ್ನೂ ಬಿತ್ತಿದ್ದೆ. ಅವಳು ಓಣಿಗೆ ತಿರುಗಲಿಲ್ಲ. ಇಗರ್ಜಿಯ ಹಿಂದಿನ ಸ್ಮಶಾನದ ಗೇಟಿನಲ್ಲಿ ನಿಂತು, "ಎಲ್ಲಿ ಇಟ್ಟಿದ್ರಿ?" ಎಂದು ಕೇಳಿದಳು.

ತೋರಿಸಿದೆ. ಮಳೆಗೆ ಕುಸಿದ ಕೆಂಪು ಮಣ್ಣು, ಮರದ ಶಿಲುಬೆ. ಅಕ್ಕ ಚಪ್ಪಲಿ ಬಿಟ್ಟು, ಮೊಣಕಾಲೂರಿ, ತಲೆಯ ಕಡೆಯಿಂದ ಕಾಲಿನವರೆಗೆ ಹಿಡಿ ಹಿಡಿಯಾಗಿ ಮರಳು ಹಾಸಿದಳು. ಅಂಗೈಯಿಂದ ತಟ್ಟಿ ಸಮ ಮಾಡಿದಳು. ಕೂಸಿಗೆ ಹಾಸಿಗೆ ಹಾಸುವ ಹಾಗೆ, ಸುಕ್ಕು ಇಲ್ಲದಂತೆ. ಚಿಪ್ಪುಗಳನ್ನು ಕೊನೆಗೆ ಜೋಡಿಸಿದಳು. ಬುಟ್ಟಿಯನ್ನು ಬೋರಲು ಹಾಕಿ ತಟ್ಟಿ, ಒಳಗೆ ಅಂಟಿದ್ದನ್ನೂ ಉದುರಿಸಿದಳು.

ಗೋದಲಿಗೆಂದು ಒಂದು ಹಿಡಿಯೂ ಉಳಿಸಲಿಲ್ಲ. ನಾನೂ ಕೇಳಲಿಲ್ಲ.