ಬೋಲ್ಟಿನ ಸುಮಿತಕ್ಕ

ಅವರ್ಸಾದಲ್ಲಿ ಯಾರೇ ಹೊಸ ಬೈಕು ತಂದರೂ ದೇವಸ್ಥಾನದ ಪೂಜೆ ಮುಗಿಸಿ ಸುಮಿತಕ್ಕನ ಅಂಗಳಕ್ಕೆ ಬರಲೇಬೇಕು. ಮದುವೆಗೆ ಮುಂಚೆ ಅವಳು ದೂರದ ಬೈಕು ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುವ ಕೆಲಸಕ್ಕಿದ್ದವಳು. ಹ್ಯಾಂಡಲ್ಲಿನ ಹಾರ ಸರಿಸಿ ಕನ್ನಡಿ ಅಲ್ಲಾಡಿಸುತ್ತಾಳೆ, ಚೈನು ಎತ್ತಿ ನೋಡುತ್ತಾಳೆ, ಚಕ್ರದ ನಟ್ಟಿಗೆ ಸ್ಪ್ಯಾನರು ಹಾಕಿ, "ಹೊಸಾದು ಅಂದ್ರೆ ಬಿಗೀ ಇರ್ತದೆ ಅಂತ ಯಾರು ಹೇಳಿದ್ರು ನಿಂಗೆ?" ಎಂದು ಗದರುತ್ತಾಳೆ. ತಂಗಿಯನ್ನು ನೋಡಲು ಬಂದ ವರನ ಮುಖಕ್ಕಿಂತ ಮೊದಲು ಅವನ ಬೈಕಿನ ಮುಂದಿನ ಚಕ್ರ ನೋಡಿದವಳು ಅವಳು. ಚಹಾ ಆರಿಹೋಯಿತು, ಸಂಬಂಧ ಮಾತ್ರ ಕುದುರಿತು. ಮೊನ್ನೆ ಮೈದುನ ಕಿಶೋರ ತಂದ ಹೊಸ ಬೈಕಿನಲ್ಲಿ ಮುಂದಿನ ಬ್ರೇಕಿನ ಬೋಲ್ಟು ಬರಿಗೈಗೇ ತಿರುಗಿತು. ಕಿಶೋರ ಹೌಹಾರಿದ. "ಇದನ್ನ ಜೋಡಿಸಿದವ್ನ ಕೈ ಸೇದಿಹೋಗ್ಲಿ, ಅತ್ತಿಗೆ!" ಎಂದು ಶಪಿಸಿದ. ಸುಮಿತಕ್ಕ ಸ್ಪ್ಯಾನರು ಎತ್ತಿಕೊಂಡಳು. "ಹಂಗೆ ಬಯ್ಬೇಡ್ವೋ ತಮ್ಮಾ," ಎಂದಳು. "ಪಾಳಿ ಮುಗಿಯೂ ಹೊತ್ತಿಗೆ ಬೆರಳು ನಮ್ಮ ಮಾತು ಕೇಳೂದಿಲ್ಲ, ಗಾಡಿ ಜೋಡ್ಸೂ ಲೈನು ಮಾತ್ರ ನಿಲ್ಲೂದಿಲ್ಲ. ಅಲ್ಲಿ ನಿಂತಿದ್ದವ್ಳು ನನ್ನಂಥವ್ಳೇ ಯಾರೋ ಇರ್ಬೇಕು." ಬೋಲ್ಟನ್ನು ತಾನೇ ಬಿಗಿದು, ಬಾಳೆಗುಳಿಯವರೆಗೆ ಒಂದು ಸುತ್ತು ಹೋಗಿ ಬಾ ಎಂದು ಅವನನ್ನು ಕಳಿಸಿದಳು, ಗಾಡಿ ತಿರುಗಿ ಬರುವವರೆಗೂ ಗೇಟು ಹಿಡಿದು ನಿಂತೇ ಇದ್ದಳು.