ಏನೂ ಮಾಡದವನ ಪಾಲು

ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಆದಿತ್ಯವಾರ ಕರ್ತನ ಭೋಜನ. ಯೇಸು ಶಿಷ್ಯರೊಡನೆ ಮಾಡಿದ ಕೊನೆಯ ಊಟದ ನೆನಪಿಗೆ ಎಲ್ಲರೂ ರೊಟ್ಟಿಯ ತುಂಡು, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಅದಕ್ಕೆ ಹಿಂದಿನ ದಿನವೇ ಮೇಜು ಸಿದ್ಧವಾಗಬೇಕು. ಬಿಳಿ ವಸ್ತ್ರ ಒಗೆದು ಇಸ್ತ್ರಿ ಹಾಕುವುದು, ಹೆಬ್ಬೆರಳಿನಷ್ಟಿರುವ ಗ್ಲಾಸುಗಳನ್ನು ಬಿಸಿನೀರಿನಲ್ಲಿ ತೊಳೆದು ಕವುಚಿಡುವುದು, ರೊಟ್ಟಿಯ ಅಂಚು ತೆಗೆದು ಸಣ್ಣ ಸಣ್ಣ ಚೌಕ ಕತ್ತರಿಸುವುದು, ದ್ರಾಕ್ಷಿ ಕುದಿಸಿ ಸೋಸಿ ರಸ ಮಾಡುವುದು, ಇದೆಲ್ಲ ನನ್ನ ಕೆಲಸ. ಯಾರೂ ವಹಿಸಿಕೊಟ್ಟದ್ದಲ್ಲ. ಬೇರೆಯವರು ಮಾಡಿದರೆ ನನಗೆ ಸರಿಯಾಗುವುದಿಲ್ಲ, ಅಷ್ಟೆ. ಒಮ್ಮೆ ಒಬ್ಬಳು ಹೊಸ ಮದುಮಗಳು ಉತ್ಸಾಹದಿಂದ ರೊಟ್ಟಿ ಕತ್ತರಿಸಲು ಬಂದಿದ್ದಳು. ಒಂದು ತುಂಡು ಕೋಳಿಗೆ ಹಾಕುವಷ್ಟು ದೊಡ್ಡದು, ಇನ್ನೊಂದು ಇರುವೆಗೂ ಸಾಲದು. ಆಮೇಲೆ ಅವಳು ಆ ಕಡೆ ಬರಲಿಲ್ಲ. ನಾನೇ ಬರದ ಹಾಗೆ ಮಾಡಿದೆ ಅನ್ನುತ್ತಾರೆ. ಅನ್ನಲಿ.

ನಾನು ಪುತ್ತೂರಿನಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಮದುವೆಯಾಗಲಿಲ್ಲ. ಬೆಳಿಗ್ಗೆ ಗಂಟೆ ಹೊಡೆಯುವುದರಿಂದ ಹಿಡಿದು ಜ್ವರ ಬಂದವರಿಗೆ ಗಂಜಿ ಕುಡಿಸುವವರೆಗೆ ಎಲ್ಲಕ್ಕೂ ನಾನೇ ಬೇಕಿತ್ತು. ನಿವೃತ್ತಿಯಾಗಿ ಚರ್ಚಿನ ಗುಡ್ಡದ ಕೆಳಗಿನ ಎರಡು ಕೋಣೆಯ ಮನೆಗೆ ಬಂದ ಮೇಲೆ ನನ್ನನ್ನು ಯಾರೂ ಕರೆಯಲಿಲ್ಲ. ಒಬ್ಬಳಿಗೆ ಅನ್ನ ಮಾಡುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಉಳಿಯುತ್ತಿತ್ತು. ಸಂಜೆ ಹೊತ್ತು ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ ಕೇಳಿದರೆ ಎದ್ದುಹೋಗಿ ಒಮ್ಮೆ ಗದರಿಸಿ ಬರೋಣ ಅನ್ನಿಸುತ್ತಿತ್ತು. ಯಾರನ್ನು ಗದರಿಸುವುದು? ಅವರಿಗೆ ನಾನು ಯಾರೋ ಒಬ್ಬಳು ಮುದುಕಿ.

ಹಾಗಾಗಿ ಚರ್ಚಿನ ಕೆಲಸ ಹಿಡಿದುಕೊಂಡೆ. ಸಂಡೇ ಸ್ಕೂಲಿನಲ್ಲಿ ಪಾಠವನ್ನೂ ಮಾಡುತ್ತಿದ್ದೆ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ತಾನು ಮಾಡಿದ ಒಳ್ಳೆಯ ಕೆಲಸಗಳಿಂದಲ್ಲ, ನಂಬಿಕೆಯಿಂದ. ಅದು ದೇವರು ಸುಮ್ಮನೆ ಕೊಡುವಂಥದ್ದು, ನಾವು ಸಂಪಾದಿಸುವಂಥದ್ದಲ್ಲ. ಇದನ್ನು ನಾನು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಸೇರುತ್ತವೆ ಎಂದು ಹೇಳಿಕೊಡುವ ಹಾಗೆಯೇ ಹೇಳಿಕೊಟ್ಟೆ. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಾದರೂ ಇದೆ ಅಂತ ಅನ್ನಿಸಿರಲಿಲ್ಲ.

ನನಗೊಬ್ಬ ತಮ್ಮನಿದ್ದ. ಕಡಬದಲ್ಲಿ ಜೀಪು ಓಡಿಸುತ್ತಿದ್ದ. ಎಲ್ಲಿ ಕೋಳಿ ಕಾಳಗದ ಅಂಕ ಇದೆ ಎಂದು ಕೇಳಿದರೆ ನಿದ್ದೆಯಲ್ಲಿಯೂ ಹೇಳುತ್ತಿದ್ದ. ಕುಡಿತವೂ ಇತ್ತು. ಚರ್ಚಿಗೆ ಬರುತ್ತಿದ್ದದ್ದು ಕ್ರಿಸ್ಮಸ್ಸಿಗೆ ಮಾತ್ರ, ಅದೂ ಹಿಂದಿನ ಬೆಂಚಿಗೆ, ಅದೂ ಪಾಸ್ಟರ ಪ್ರಸಂಗ ಮುಗಿದ ಮೇಲೆ. ಹೆಂಡತಿ ಬಿಟ್ಟುಹೋಗಿದ್ದಳು. ಅವಳದ್ದು ತಪ್ಪು ಅಂತ ನಾನು ಹೇಳುವುದಿಲ್ಲ.

ಅಮ್ಮ ಹಾಸಿಗೆ ಹಿಡಿದು ಮಲಗಿದ್ದಾಗ ನೋಡಿಕೊಂಡದ್ದು ನಾನು. ಹಾಸ್ಟೆಲಿನ ಕೆಲಸದ ನಡುವೆ ಓಡಿ ಬಂದು ಬಟ್ಟೆ ಬದಲಿಸಿ, ಬೆನ್ನು ಒರೆಸಿ, ಪೌಡರ್ ಹಾಕಿ ಮತ್ತೆ ಓಡುತ್ತಿದ್ದೆ. ಅಮ್ಮ ಒಂದು ದಿನವೂ ಬೈಯಲಿಲ್ಲ, ಒಂದು ದಿನವೂ ನನ್ನನ್ನು ನೋಡಿ ನಗಲೂ ಇಲ್ಲ. ಈ ಪುಣ್ಯಾತ್ಮ ಅಪರೂಪಕ್ಕೆ ಬರುತ್ತಿದ್ದ, ಬರಿಗೈಯಲ್ಲಿ. ಮಂಚದ ಮೇಲೆಯೇ ಚಕ್ಕಳ ಮಕ್ಕಳ ಹಾಕಿ ಕೂತು, ಯಾವುದೋ ಅಂಕದಲ್ಲಿ ಸೋತ ಕೋಳಿಯ ಕತೆ ಹೇಳುತ್ತಿದ್ದ. ಅಮ್ಮನ ಮುಖ ಅರಳುತ್ತಿತ್ತು. ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದರು. ನಾನು ಬಾಗಿಲಲ್ಲಿ ಬಕೆಟು ಹಿಡಿದು ನಿಂತಿರುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಈಗಲೂ ನೆನೆಸಿಕೊಂಡರೆ ಉರಿಯುತ್ತದೆ.

ಮೊನ್ನೆ ಮಳೆಗಾಲ ಮುಗಿಯುವ ಹೊತ್ತಿಗೆ ಕಡಬದಿಂದ ಫೋನು ಬಂತು. ಜೀಪ್ ಸ್ಟ್ಯಾಂಡಿನ ಯಾರೋ. ತಮ್ಮನ ಲಿವರ್ ಹೋಗಿದೆ, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಲು ಹೇಳಿದ್ದಾರೆ, ಆದರೆ ಯಾವ ಮನೆಗೆ ಅಂತ ಅವನು ಹೇಳುತ್ತಿಲ್ಲ. ನಾನು ಬಾಡಿಗೆ ಕಾರಿನಲ್ಲಿ ಹೋಗಿ ಕರೆತಂದೆ. ಹೊಟ್ಟೆ ಊದಿತ್ತು, ಕಣ್ಣು ಅರಸಿನದ ಹಾಗೆ ಹಳದಿ. ದಾರಿಯಲ್ಲಿ ಆಲಂಕಾರು ಪೇಟೆ ದಾಟಿದೆವು. ಆಮೇಲೆ, "ಅಕ್ಕ, ನಿಂಗೆ ಕೆಲಸ ಇಲ್ಲದೆ ಬೇಜಾರಾಗಿರ್ಬೇಕು ಅಂತ ಬಂದೆ," ಅಂದ. ಬಾಯಿಗೊಂದು ಏಟು ಕೊಡಬೇಕು ಅನ್ನಿಸಿತು. ಆದರೆ ಅವನು ಹೇಳಿದ್ದು ಸತ್ಯವಾಗಿತ್ತು. ಆ ದಿನ ಅನ್ನ ಉಳಿಯಲಿಲ್ಲ.

ಪಕ್ಕದ ಮನೆಯಲ್ಲಿ ಸುಳ್ಯ ಕಡೆಯ ಗೌಡರ ಹೆಂಗಸೊಬ್ಬರಿದ್ದಾರೆ. ಮಜ್ಜಿಗೆ ತಂದುಕೊಡುತ್ತಾ, "ಇಷ್ಟು ಮಾಡ್ತೀರಲ್ಲ, ನಿಮಗೆ ಪುಣ್ಯ ಬರ್ತದೆ," ಅಂದರು. ನಮ್ಮಲ್ಲಿ ಹಾಗೆ ಇಲ್ಲ, ಪುಣ್ಯ ಕೂಡಿಟ್ಟು ಪರಲೋಕಕ್ಕೆ ಹೋಗಲಿಕ್ಕಾಗುವುದಿಲ್ಲ ಅಂತ ನಾನು ತಿದ್ದಬೇಕಿತ್ತು. ತಿದ್ದಲಿಲ್ಲ. ಕೇಳಲು ಹಿತವಾಗಿತ್ತು. ಇನ್ನೂ ಸ್ವಲ್ಪ ಹೇಳಲಿ ಅಂತ ಅವರಿಗೆ ಕಾಫಿಯನ್ನೂ ಮಾಡಿಕೊಟ್ಟೆ.

ಒಂದು ದಿನ ತಮ್ಮ, ಪಾಸ್ಟರನ್ನು ಕರೆಸು ಅಂದ. ನಮ್ಮ ಪಾಸ್ಟರ್ ಇನ್ನೂ ಎಳೆಯರು, ನನ್ನನ್ನು ಆಂಟಿ ಅನ್ನುತ್ತಾರೆ, ನನಗೆ ಹೆದರುತ್ತಾರೆ. ಅವರು ಮಂಚದ ಬಳಿ ಕೂತರು. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಎಲ್ಲ ಕೇಳಿಸುತ್ತಿತ್ತು.

"ನಾನು ಒಳ್ಳೇದು ಎಂತದ್ದೂ ಮಾಡ್ಲಿಲ್ಲ ಪಾಸ್ಟ್ರೆ. ಇನ್ನು ಮಾಡ್ಲಿಕ್ಕೆ ಟೈಮೂ ಇಲ್ಲ," ಅಂದ ತಮ್ಮ.

"ಮಾಡಿದ್ದು, ಮಾಡದ್ದು ಲೆಕ್ಕಕ್ಕೆ ಬರುದಿಲ್ಲ. ಯೇಸು ನಿಮಗಾಗಿ ಮಾಡಿದ್ದನ್ನು ನಂಬ್ತೀರಾ?"

"ನಂಬ್ತೇನೆ. ನಂಬುದು ಬಿಟ್ಟು ಬೇರೆ ಎಂತದೂ ಇಲ್ಲ ನನ್ನ ಹತ್ರ."

"ಸಾಕು," ಅಂದರು ಪಾಸ್ಟರ್.

ಸಾಕಂತೆ! ನನ್ನ ಕೈ ತುರಿಮಣೆಗೆ ತಾಗಿ ರಕ್ತ ಬಂತು. ಪಾಸ್ಟರ್ ಹೊರಟಾಗ ಅಂಗಳದಲ್ಲಿ ಹಿಡಿದು ನಿಲ್ಲಿಸಿದೆ. "ಒಂದು ಮಾತಲ್ಲಿ ಮುಗೀತಾ? ಜನ್ಮ ಇಡೀ ಕೋಳಿ ಹಿಂದೆ ಹೋದವ ಅವನು. ಹಾಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದು ಎಂತಕ್ಕೆ?"

ಅವರು ಕೊಡೆಯ ತುದಿಯಿಂದ ನೆಲ ಕೆರೆದರು. "ಎಂತಕ್ಕೆ ಅಂತ ನೀವೇ ಹೇಳ್ಬೇಕು ಆಂಟಿ. ಪರಲೋಕಕ್ಕಾದ್ರೆ ಅದು ಬೇಕಿರ್ಲಿಲ್ಲ."

ಹುಡುಗನಿಗೆ ಎಷ್ಟು ಧೈರ್ಯ. ನಾನು ಬಾಗಿಲು ಹಾಕಿಕೊಂಡೆ. ಅವರು ಹೇಳಿದ್ದು ನಾನೇ ಕಲಿಸುತ್ತಿದ್ದ ಪಾಠ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಕಾಯಿಲೆಯವರಿಗೆ ಮನೆಯಲ್ಲೇ ಕರ್ತನ ಭೋಜನ ಕೊಡುವ ಪದ್ಧತಿ ನಮ್ಮಲ್ಲಿದೆ. ಆ ಹೊತ್ತಿಗೆ ಮನೆಯವರೂ ಜೊತೆಗೆ ತೆಗೆದುಕೊಳ್ಳುತ್ತಾರೆ. ಮನಸ್ಸಿನಲ್ಲಿ ಒಬ್ಬರ ಮೇಲೆ ಕಿಚ್ಚಿಟ್ಟುಕೊಂಡವರು ಮೇಜಿನಿಂದ ದೂರ ಇರುತ್ತಾರೆ. ತಮ್ಮನಿಗೆ ಕೊಡುವ ದಿನ ಗೊತ್ತಾಯಿತು. ನಾನು ಎಂದಿನಂತೆ ಎಲ್ಲ ಮಾಡಿದೆ. ಸ್ಟೂಲಿಗೆ ಬಿಳಿ ವಸ್ತ್ರ ಹಾಸಿ, ರೊಟ್ಟಿ ಕತ್ತರಿಸಿ, ರಸ ಸೋಸಿ, ಎರಡು ಗ್ಲಾಸು ಇಟ್ಟೆ. ಪಾಸ್ಟರಿಗೊಂದು, ಅವನಿಗೊಂದು. ಇಟ್ಟು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದೆ. ಮಾಡಬೇಕಾದ್ದು ಮಾಡಿದ್ದೇನೆ, ಇಬ್ಬರೂ ಸೇರಿ ಏನು ಬೇಕಾದರೂ ಮಾಡಿಕೊಳ್ಳಲಿ.

ಕೋಣೆಯಿಂದ ಪ್ರಾರ್ಥನೆ ಕೇಳಿಸಿತು, ನಿಂತಿತು. ಆಮೇಲೆ ತಮ್ಮನ ಸ್ವರ. "ಅಕ್ಕನಿಗೆ ಎಲ್ಲಿ?"

ಪಾಸ್ಟರ್ ಏನೋ ಮೆಲ್ಲಗೆ ಹೇಳಿದರು.

"ಅವಳಿಗಿಲ್ಲದ್ದು ನಂಗೆ ಬೇಡ. ತೆಗ್ದಿಡಿ."

ಇವತ್ತು ಬಿಟ್ಟರೆ ಅವನಿಗೆ ಇನ್ನೊಂದು ಸಲ ಇರಲಿಲ್ಲ. ಆ ಮುಖ ನೋಡಿದ ಯಾರಿಗೂ ಅದು ಗೊತ್ತಾಗುತ್ತಿತ್ತು. ಸಾಬೂನಿನ ಕೈಯಲ್ಲೇ ಹೊರಗೆ ಬಂದೆ. "ನಾಟಕ ಮಾಡ್ಬೇಡ. ಸುಮ್ಮನೆ ತೆಗೊ."

"ನೀನು ಕೂತ್ಕೋ, ತೆಗೊಳ್ತೇನೆ."

"ನಂಗೆ ಕೆಲಸ ಉಂಟು."

"ಯಾವಾಗ್ಲೂ ಉಂಟು ನಿಂಗೆ. ಅಮ್ಮನ ಹತ್ರ ಒಂದು ದಿನ ಸುಮ್ನೆ ಕೂತದ್ದುಂಟಾ ನೀನು?"

ಅಷ್ಟು ವರ್ಷ ಒಳಗಿಟ್ಟದ್ದು ಒಮ್ಮೆಗೇ ಬಾಯಿಗೆ ಬಂತು. ಪಾಸ್ಟರ್ ಇದ್ದಾರೆ ಅಂತಲೂ ನೋಡಲಿಲ್ಲ. "ನಾನೂ ನಿನ್ನ ಹಾಗೆ ಕೂತಿದ್ರೆ ಅಮ್ಮ ಹುಳ ಬಿದ್ದು ಸಾಯ್ತಿದ್ರು! ನೀನು ಒಂದು ಲೋಟ ನೀರು ಕೊಟ್ಟದ್ದಿಲ್ಲ. ನಿನ್ನನ್ನು ನೋಡಿ ನಗ್ತಿದ್ರು. ನನ್ನನ್ನು ನೋಡಿ ಯಾಕೆ ನಗ್ಲಿಲ್ಲ? ಹೇಳು, ಯಾಕೆ?"

ತಮ್ಮ ದಿಂಬಿಗೆ ಒರಗಿದ. ಉಸಿರೆಳೆದುಕೊಳ್ಳಲು ಅವನಿಗೆ ಕಷ್ಟವಿತ್ತು. "ಅದು ಹೌದು ಅಕ್ಕ. ನೀನಿಲ್ಲದಿದ್ರೆ ಅಮ್ಮ ಹಾಗೇ ಸಾಯ್ತಿದ್ರು," ಅಂದ. "ಅಮ್ಮ ನಿನ್ನ ಮುಖ ನೋಡುದು ಯಾವಾಗ? ನೀನು ಬೆನ್ನು ಒರೆಸ್ತಿದ್ದೆ. ನಾನು ಮಾಡಿದ್ದು ಎಂತದೂ ಇಲ್ಲ, ಎದುರು ಕೂತೆ, ಅಷ್ಟೆ. ಅಮ್ಮನೇ ಹೇಳಿದ್ರು ಒಮ್ಮೆ, ಅವಳನ್ನು ಕೂರ್ಲಿಕ್ಕೆ ಹೇಳು ಮಾರಾಯ, ನಾನು ಹೇಳಿದ್ರೆ ಕೇಳುದಿಲ್ಲ ಅಂತ. ನಾನು ಹೇಳ್ಲಿಲ್ಲ. ಹೇಳಿದ್ರೆ ನೀನು ಬಯ್ತಿದ್ದಿ."

ಬಯ್ಯುತ್ತಿದ್ದೆ. ಅದರಲ್ಲಿ ಸಂಶಯವೇ ಇಲ್ಲ.

ಪಾಸ್ಟರ್ ಚೀಲದಿಂದ ತಾವೇ ಇನ್ನೊಂದು ಗ್ಲಾಸು ತೆಗೆದು ಸ್ಟೂಲಿನ ಮೇಲಿಟ್ಟರು. ಅದು ತೊಳೆದದ್ದಲ್ಲ, ಒಳಗೆ ಒಂದು ಧೂಳಿನ ಕಣವಿತ್ತು. ನನಗೆ ಕಂಡಿತು. ಕೊಂಡುಹೋಗಿ ತೊಳೆಯಬೇಕು ಅನ್ನಿಸಿತು. ತಮ್ಮ ನನ್ನನ್ನೇ ನೋಡುತ್ತಿದ್ದ. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ಮಂಚದ ತುದಿಯಲ್ಲಿ ಕೂತೆ. ಕಿಚ್ಚು ಆರಿತ್ತು ಅಂತಲ್ಲ. ಆರಿದ ಮೇಲೆ ಬರುತ್ತೇನೆ ಅಂದರೆ ನಾನು ಸಾಯುವವರೆಗೂ ಬರಲಿಕ್ಕಿಲ್ಲ ಅಂತ ನನಗೇ ಗೊತ್ತಾಯಿತು. ಪಾಸ್ಟರ್ ನನ್ನ ಅಂಗೈಗೆ ರೊಟ್ಟಿ ಇಟ್ಟರು. ನಾನೇ ಕತ್ತರಿಸಿದ ತುಂಡು. ಆದರೆ ಅದು ನನಗೆ ಸಿಕ್ಕಿದ್ದು ನಾನು ಕತ್ತರಿಸಿದ್ದಕ್ಕಲ್ಲ. ಆ ಹೊತ್ತು ನಾನೂ ತಮ್ಮನೂ ಒಂದೇ. ಅದು ನನಗೆ ಇಷ್ಟವಾಗಲಿಲ್ಲ, ಆದರೂ ಅಳು ಬಂತು. ತಮ್ಮ ರಸ ಕುಡಿದು, "ಸ್ವಲ್ಪ ಹುಳಿ ಉಂಟು ಅಕ್ಕ," ಅಂದ. ಸಿಟ್ಟಿನಲ್ಲಿ ಸಕ್ಕರೆ ಹಾಕಲು ಮರೆತಿದ್ದೆ.

ಆ ವಾರವೇ ಅವನು ಹೋದ. ಮಧ್ಯಾಹ್ನ, ನಾನು ಎದುರಿಗೆ ಕೂತಿದ್ದಾಗ. ಸಮಾಧಿಯ ಹತ್ತಿರ ಪಾಸ್ಟರ್ ಅವನನ್ನು ನೀತಿವಂತನೆಂದು ಕರೆದರು. ಜೀಪ್ ಸ್ಟ್ಯಾಂಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚರ್ಚಿನ ಹೆಂಗಸರು ನನ್ನ ಕೈ ಹಿಡಿದು, ನೀವು ಮಾಡಿದ್ದಕ್ಕೆ ದೇವರು ಕೊಡ್ತಾರೆ ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ತಲೆಯಾಡಿಸಿದೆ.

ಸಂಜೆಗೆ ಎಲ್ಲರೂ ಹೋದರು. ಮಂಚದ ಬಟ್ಟೆಗಳನ್ನು ಯಾರೋ ಆಗಲೇ ಒಗೆದು ಹಾಕಿದ್ದರು, ನೆಲವನ್ನೂ ಒರೆಸಿದ್ದರು, ಊಟವನ್ನೂ ಮುಚ್ಚಿಟ್ಟಿದ್ದರು. ಮಾಡಲು ಏನೂ ಉಳಿದಿರಲಿಲ್ಲ. ಇಡೀ ಮನೆಯಲ್ಲಿ ನಾನೊಬ್ಬಳೇ. ಪ್ರಾರ್ಥನೆ ಮಾಡೋಣ ಅಂತ ಕಣ್ಣು ಮುಚ್ಚಿದೆ. ನನ್ನ ಪ್ರಾರ್ಥನೆಯೆಂದರೆ ಯಾವಾಗಲೂ ಆ ದಿನ ಏನೇನು ಮಾಡಿದೆ ಎಂಬ ವರದಿ. ಅಂದು ವರದಿ ಇರಲಿಲ್ಲ. ನಾನಿಲ್ಲಿ ಕೂತಿದ್ದೇನೆ ಅಂತ ಮಾತ್ರ ಹೇಳಿದೆ. ಉತ್ತರವೇನೂ ಬರಲಿಲ್ಲ. ಆದರೂ ಎದ್ದುಹೋಗದೆ, ಯಾರೋ ನನ್ನ ಮುಖ ನೋಡುತ್ತಿದ್ದಾರೆ ಅಂತ ನಂಬಿಕೊಂಡು, ಕತ್ತಲಾಗುವವರೆಗೆ ಹಾಗೆಯೇ ಕೂತೆ.