ರಾಜಕುಮಾರಿಯ ಫ್ರಾಕಿಗೆ ನಾನು ಹಾಕಿದ ಅಂಚು

ಹೋದ ಶನಿವಾರ ನಮ್ಮ ರಾಜಾಜಿನಗರದ ಶಾಲೆಯೊಂದರ ಸ್ಟೇಜಿನ ಮೇಲೆ, ಸೂಜಿ ಚುಚ್ಚುವ ಮೊದಲೇ ರಾಜಕುಮಾರಿ ಮುಗ್ಗರಿಸಿ ಬಿದ್ದಳು. ಬೀಳಿಸಿದವಳು ನಾನು.

ರಾಜಕುಮಾರಿ ಅಂದರೆ ನನ್ನ ಮೊಮ್ಮಗಳು ಉಮಾ. ಆರನೇ ಕ್ಲಾಸು. ಅವರ ಡಾನ್ಸ್ ಮಿಸ್ಸು ಪರದೇಶದ ಬ್ಯಾಲೆ ಕಲಿಸುತ್ತಾರೆ. ಅದರಲ್ಲಿ ಯಾರೂ ಮಾತಾಡುವುದಿಲ್ಲ, ಹಾಡುವುದೂ ಇಲ್ಲ. ಗ್ರಾಮಫೋನ್ ತಟ್ಟೆ ತಿರುಗುತ್ತದೆ, ಕಥೆಯನ್ನು ಕಾಲೇ ಹೇಳಬೇಕು. ಕಥೆ ಇಷ್ಟೇ: ಹುಟ್ಟುಹಬ್ಬದ ದಿನ ಒಬ್ಬ ಮುದುಕಿ ರಾಜಕುಮಾರಿಯ ಬೆರಳಿಗೆ ಸೂಜಿ ಚುಚ್ಚುತ್ತಾಳೆ, ಹುಡುಗಿ ನೂರು ವರ್ಷ ನಿದ್ದೆ ಹೋಗುತ್ತಾಳೆ.

"ಆ ಮುದುಕಿಗೆ ಬೇರೆ ಕೆಲಸ ಇರ್ಲಿಲ್ವೇನೇ?" ಅಂತ ಕೇಳಿದ್ದೆ.

"ಅವಳಿಗೆ ಹೊಟ್ಟೆಕಿಚ್ಚು ಕಣಜ್ಜಿ."

ನಾಲ್ಕು ತಿಂಗಳು ಈ ಹುಡುಗಿ ನಮ್ಮ ಇಕ್ಕಟ್ಟಾದ ನಡುಮನೆಯಲ್ಲಿ ತುದಿಗಾಲಲ್ಲಿ ಸುತ್ತಿದಳು. ಮೊದಲು ಸ್ಟೂಲು ಹಿಡಿದು, ಆಮೇಲೆ ಗೋಡೆ ಹಿಡಿದು, ಕೊನೆಗೆ ಏನೂ ಹಿಡಿಯದೆ. ಹಾಲಿನ ಬೂತಿಗೂ ತುದಿಗಾಲಲ್ಲೇ ಹೋಗುತ್ತಿದ್ದಳು. (ಹೆಬ್ಬೆರಳು ಒಡೆದಾಗ ಅರಿಶಿನ ಹಚ್ಚಿದವಳೂ ನಾನೇ.)

ಫ್ರಾಕು ಹೊಲಿಯುವ ಕೆಲಸ ನನಗೆ ಬಂತು. ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದವಳು, ನನಗಲ್ಲದೆ ಇನ್ಯಾರಿಗೆ? ಮಿಸ್ಸು ಚಿತ್ರ ಬರೆದು ಕಳಿಸಿದ್ದರು. (ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಅಕ್ಷರಕ್ಕಿಂತ ಚಿತ್ರವೇ ಸುಲಭ.) ಬಿಳಿ ನೆಟ್ಟಿನ ಬಟ್ಟೆ, ಮೊಣಕಾಲಿನ ಮೇಲೆ ನಾಲ್ಕು ಬೆರಳು. ಹಾಗೆಯೇ ಹೊಲಿದೆ.

ಆಮೇಲೆ ಮನಸ್ಸು ತಡೆಯಲಿಲ್ಲ. ಎದುರು ಮನೆಯವರು ಬರುತ್ತಾರೆ, ಬೀಗರು ಬರುತ್ತಾರೆ. ಬೆಳೆಯುತ್ತಿರುವ ಹುಡುಗಿ ಅಷ್ಟು ಜನರೆದುರು ತೊಡೆ ತೋರಿಸುವುದೇ? ನನ್ನ ಹಳೆಯ ಮಲ್ಲಿನ ಸೀರೆ ಹರಿದು, ನೆರಿಗೆ ಹಿಡಿದು, ಪಾದದವರೆಗೆ ಅಂಚು ಕೂಡಿಸಿದೆ. ಯಾರಿಗೂ ಹೇಳಲಿಲ್ಲ. ಗಂಟು ಕಟ್ಟಿಕೊಂಡು ನಾನೇ ಶಾಲೆಗೆ ಒಯ್ದೆ.

ಪರದೆಯ ಹಿಂದೆ ಗಂಟು ಬಿಚ್ಚಿದ ಉಮಾಳ ಮುಖ ಬಿಳಿಚಿಕೊಂಡಿತು.

"ಅಜ್ಜೀ, ಸುತ್ತೋವಾಗ ಕಾಲಿಗೆ ಸಿಕ್ಕೊಳ್ಳುತ್ತೆ. ಕತ್ತರಿ ಕೊಡು, ಪ್ಲೀಸ್."

"ಕತ್ತರಿ ಇಲ್ಲ. ಸುಮ್ನೆ ಹಾಕ್ಕೊಳೇ, ಲಕ್ಷಣವಾಗಿದೆ."

ಕತ್ತರಿ ನನ್ನ ಚೀಲದಲ್ಲೇ ಇತ್ತು.

ಎರಡನೇ ಸುತ್ತಿಗೇ ಅಂಚು ಹೆಬ್ಬೆರಳಿಗೆ ಸಿಕ್ಕಿ ದೊಪ್ಪನೆ ಬಿದ್ದಳು. ಸೂಜಿ ಹಿಡಿದು ಕಾಯುತ್ತಿದ್ದ ಮುದುಕಿ ವೇಷದ ಹುಡುಗಿ ಗಾಬರಿಯಾಗಿ ಓಡಿಬಂದು, ಬಿದ್ದವಳಿಗೇ ಚುಚ್ಚಿದಳು. ಇಡೀ ಹಾಲು ನಕ್ಕಿತು. ಎದುರು ಮನೆಯವರು ಎಲ್ಲರಿಗಿಂತ ಜೋರಾಗಿ.

ಒಳಗೆ ಮಿಸ್ಸು ಅಂಚು ಹಿಡಿದೆತ್ತಿದರು. "ಯಾರು ಮಾಡಿದ್ದು ಇದು? ಟೆಲ್ ಮಿ!"

ಉಮಾ ನನ್ನ ಕಡೆ ನೋಡಲೇ ಇಲ್ಲ. "ನಾನೇ ಮಿಸ್. ಕಾಲು ಕಾಣುತ್ತೆ ಅಂತ ನಾಚಿಕೆ ಆಯ್ತು. ನಾನೇ ಹಾಕಿಸ್ಕೊಂಡೆ."

"ನಾಚಿಕೆ ಇರೋರಿಗೆ ಸ್ಟೇಜ್ ಯಾಕೆ? ನೆಕ್ಸ್ಟ್ ಮಂತ್ ಶೋನಲ್ಲಿ ನೀನು ಟ್ರೀ. ರಾಜಕುಮಾರಿ ಬೇರೆ ಹುಡುಗಿ."

ನಾನು ಎರಡು ಮಾರು ದೂರದಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದೆ. ಬಾಯಿಲ್ಲದವಳೇನಲ್ಲ ನಾನು, ನಮ್ಮ ರೇಷನ್ ಅಂಗಡಿಯವನನ್ನು ಕೇಳಿ ನೋಡಿ. ಅವತ್ತು ಆ ಬಾಯಿ ತೆರೆಯಲಿಲ್ಲ. ಇಂಗ್ಲಿಷ್ ಮಾತಾಡುವ ಹೆಂಗಸಿನೆದುರು ಹಳ್ಳಿಗುಗ್ಗು ಅನ್ನಿಸಿಕೊಳ್ಳುವ ಭಯ.

ದಾರಿಯಲ್ಲಿ ಕೇಳಿದೆ: "ಯಾಕೇ ಹಂಗಂದೆ?"

"ಎಲ್ಲರೆದುರು ನಿನ್ನ ಬೈತಿದ್ರು ಅಜ್ಜಿ."

ಮನೆ ಬರುವವರೆಗೆ ಪಾದ ಪೂರ್ತಿ ಊರಿ ನಡೆದಳು. ಈಗಲೂ ಹಾಗೆಯೇ ನಡೆಯುತ್ತಾಳೆ.

ಕಾಲು ಅವಳದು, ನಾಚಿಕೆ ನನ್ನದು. ಅದನ್ನು ಹನ್ನೊಂದು ವರ್ಷದವಳಿಗೆ ಹೊಲಿದು ತೊಡಿಸಿದೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ನಾವು ಹೊಲಿದುಕೊಡುವುದೆಲ್ಲ ಹೀಗೆಯೇ ಏನೋ.

ಅಂಚು ಬಿಚ್ಚಿಟ್ಟಿದ್ದೇನೆ. ಮಿಸ್ಸಿನ ಮನೆ ಇಲ್ಲಿಂದ ಮೂರು ಕ್ರಾಸ್ ಆಚೆ. ನಾನು ಬಾಯಿಬಿಟ್ಟರೆ ಉಮಾ ಮತ್ತೆ ರಾಜಕುಮಾರಿ ಆದಾಳು. ಆದರೂ ಹೋಗಿಲ್ಲ. ಬದಲಿಗೆ ಪತ್ರಿಕೆ ಓದುವ ನಿಮ್ಮೆದುರು ಕೂತು ಇಷ್ಟುದ್ದ ಬರೆದಿದ್ದೇನೆ.

ಮಿಸ್ಸಿಗೆ ಕನ್ನಡ ಓದಲು ಬಾರದು ಅಂತ ಗೊತ್ತಿದ್ದೂ ಇಲ್ಲಿ ಬರೆದೆನಲ್ಲ, ಇದು ತಪ್ಪೊಪ್ಪಿಗೆಯೋ, ಇನ್ನೊಂದು ಅಂಚೋ?